ಎರಡು ಹೆಜ್ಜೆ ಹಿಂದೆ ನಿಂತ ಡಿಫೆಂಡರ್

ಭರಮು ಫುಟ್ಬಾಲ್ ಆಟಗಾರ, ಆದರೆ ಗೋಲು ಹೊಡೆಯುವವನಲ್ಲ. ಗೋಲು ಹೊಡೆಯುವವರ ಅನ್ನಕ್ಕೆ ಕಲ್ಲು ಹಾಕುವುದೇ ಅವನ ಕಸುಬು. ಅಂಥವರಿಗೆ ಡಿಫೆಂಡರ್ ಎನ್ನುತ್ತಾರೆ.

ನಿಪ್ಪಾಣಿ ಹತ್ತಿರ ಅವನ ಊರು. ಊರ ತಂಡದಲ್ಲಿ ಹನ್ನೊಂದು ಜನ ಇದ್ದರು ಎಂಬುದು ಹೆಸರಿಗೆ ಮಾತ್ರ. ಎಲ್ಲರಿಗೂ ಗೋಲು ಹೊಡೆಯುವ ಹುಚ್ಚು. ಚೆಂಡು ಮುಂದೆ ಹೋಯಿತೆಂದರೆ ಸಂತೆಗೆ ಹೊರಟವರ ಹಾಗೆ ಎಲ್ಲರೂ ಅದರ ಬೆನ್ನು ಹತ್ತುತ್ತಿದ್ದರು. ಅದೇ ಚೆಂಡು ತಿರುಗಿ ಬಂದಾಗ ಹಿಂದೆ ಭರಮು ಒಬ್ಬನೇ ಇರುತ್ತಿದ್ದ. ಪಾಪ, ಅವನಾದರೂ ಏನು ಮಾಡಬೇಕು? ಎಲ್ಲರಿಗಿಂತ ಸ್ವಲ್ಪ ಹಿಂದೆ ನಿಂತು, ಅವರ ತಪ್ಪುಗಳಿಗೆ ಕಾದು, ತಪ್ಪಾದ ಕೂಡಲೇ ಓಡಿ ನೆಲಕ್ಕೆ ಬಿದ್ದು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದನ್ನು ಕಲಿತ. ಊರವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಹೆಗಲ ಮೇಲಿಂದ ನೋಡಿದಾಗ ಅವನಿಗೆ ಒಂದು ವಿಚಾರ ಹೊಳೆಯಿತು. ‘ನಾನಿಲ್ಲದಿದ್ದರೆ ಇವರ ಗತಿ ಏನಾಗುತ್ತಿತ್ತು?’ ಬಹಳ ಸಿಹಿಯಾದ ವಿಚಾರ ಅದು. ಒಮ್ಮೆ ತಲೆಯೊಳಗೆ ಹೊಕ್ಕರೆ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಬೀಡುಬಿಡುತ್ತದೆ.

ಮುಂದೆ ಬೆಳಗಾವಿಯ ಗಡಿನಾಡು ಕ್ಲಬ್‌ನವರು ಅವನನ್ನು ಸೇರಿಸಿಕೊಂಡರು. ಗಡಿನಾಡು ಅಂದರೆ ಸಂಬಳ ಕೊಟ್ಟು ಆಡಿಸುವ ತಂಡ, ನಿಜವಾದ ಲೀಗಿನಲ್ಲಿ ಆಡುವ ತಂಡ. ಆದರೆ ಕರಾರು ಒಂದೇ ಸೀಸನ್ನಿಗೆ. ಕೋಚ್ ಮಿನೇಜಿಸ್ ಸರ್ ಮೊದಲ ದಿನವೇ ಅದನ್ನು ಬಿಚ್ಚಿ ಹೇಳಿದರು.

“ಒಂದ ಸೀಸನ್ ನೋಡತೀನಿ ತಮ್ಮಾ. ನಮ್ಮ ಆಟಕ್ಕ ಹೊಂದಿಕೊಂಡ್ರ ಇಟ್ಟಕೋತೀನಿ. ಇಲ್ಲಂದ್ರ ನಿಪ್ಪಾಣಿ ಬಸ್ಸು ತಾಸಿಗೊಂದ ಐತಿ.”

“ಹೊಂದಿಕೋತೀನ್ರಿ ಸರ್,” ಅಂದ ಭರಮು. ಹೊಂದಿಕೊಳ್ಳಬೇಕಾದದ್ದು ತಾನಲ್ಲ, ತನಗೆ ಇವರು, ಎಂದು ಒಳಗೊಳಗೇ ಅಂದುಕೊಂಡ.

ಆ ತಂಡದ ಹಿಂದಿನ ಸಾಲಿನಲ್ಲಿ ಭರಮುವೂ ಸೇರಿ ನಾಲ್ವರು ಡಿಫೆಂಡರ್‌ಗಳು. ಅವರ ನಡುವೆ ನಿಲ್ಲುತ್ತಿದ್ದವನು ಕ್ಯಾಪ್ಟನ್ ದಸ್ತಗೀರ್. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದವು, ಮಂಡಿಗೆ ಸದಾ ಪಟ್ಟಿ. ಅವನು “ಮ್ಯಾಲೆ” ಎಂದು ಕೂಗಿದ ಕೂಡಲೇ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರಬೇಕು. ಅದೇ ಆ ತಂಡದ ಕಟ್ಟಳೆ.

ಯಾಕೆಂದು ಹೇಳುತ್ತೇನೆ, ಫುಟ್ಬಾಲ್ ಗೊತ್ತಿಲ್ಲದವರು ಹೆದರಬೇಕಾಗಿಲ್ಲ. ಎದುರಾಳಿ ಆಟಗಾರನೊಬ್ಬ ನಮ್ಮ ಗೋಲಿನ ಮುಂದೆ ಮೊದಲೇ ಹೋಗಿ ನಿಂತು, ಬಂದ ಚೆಂಡನ್ನು ಆರಾಮಾಗಿ ಒಳಗೆ ತಳ್ಳುವ ಹಾಗಿಲ್ಲ. ಅವನ ಕಡೆಯವರು ಚೆಂಡು ಒದೆಯುವ ಗಳಿಗೆಯಲ್ಲಿ, ಗೋಲ್‌ಕೀಪರ್‌ನನ್ನು ಬಿಟ್ಟರೆ ನಮ್ಮವನೊಬ್ಬನಾದರೂ ಅವನ ಸಮಕ್ಕೆ ಅಥವಾ ಅವನಿಗಿಂತ ಹಿಂದೆ, ಅಂದರೆ ನಮ್ಮ ಗೋಲಿನ ಕಡೆಗೆ, ಇರಬೇಕು. ಯಾರೂ ಇಲ್ಲದಿದ್ದರೆ ಅದು ಆಫ್‌ಸೈಡ್. ಮೈದಾನದ ಅಂಚಿನಲ್ಲಿರುವ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ, ಹೊಡೆದ ಗೋಲು ಗೋಲಲ್ಲ. ಹಾಗಾಗಿ ಜಾಣ ಡಿಫೆಂಡರ್‌ಗಳು ಚೆಂಡು ಒದೆಯುವ ಮುಂಚೆ ಒಟ್ಟಿಗೆ ಮುಂದೆ ಸರಿದು, ಎದುರಾಳಿಯನ್ನು ಹಿಂದೆ ಒಬ್ಬಂಟಿ ಬಿಟ್ಟುಬಿಡುತ್ತಾರೆ. ಆದರೆ ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಸಾಕು, ಉಳಿದ ಮೂವರು ಮುಂದೆ ಬಂದದ್ದೆಲ್ಲ ನೀರಿನಲ್ಲಿ ಹೋಮ.

ಭರಮು ಆಡಿದ ಮೊದಲ ಪಂದ್ಯದಲ್ಲೇ ದಸ್ತಗೀರ್ ಜಾರಿದ. ಅಭ್ಯಾಸಬಲದಿಂದ ಹಿಂದೆ ನಿಂತಿದ್ದ ಭರಮು ಓಡಿಬಂದು ನೆಲಕ್ಕೆ ಬಿದ್ದು ಚೆಂಡನ್ನು ಹೊರಗಟ್ಟಿದ. ಗ್ಯಾಲರಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಭರಮು ಅವತ್ತೇ ತೀರ್ಮಾನಿಸಿದ. ‘ಈ ಅಣ್ಣನ ಕಾಲಿನ ಕಸುವು ಮುಗಿಯಿತು. ಇವನ ಮಾತು ನಂಬಿ ಮುಂದೆ ಹೋದರೆ ನಾನು ಕೆಟ್ಟೆ.’

ಅಂದಿನಿಂದ ದಸ್ತಗೀರ್ ಕೂಗಿದಾಗ ಮೂವರು ಮುಂದೆ ಹೋಗುತ್ತಿದ್ದರು, ಭರಮು ಎರಡು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದ. ಅದು ಮಾತು ಮೀರುವುದಲ್ಲ, ಮುಂಜಾಗ್ರತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಭ್ಯಾಸದ ವೇಳೆ ಕೋಚ್ ಕಣ್ಣೆದುರು ಸರಿಯಾಗಿಯೇ ಹೆಜ್ಜೆ ಇಡುತ್ತಿದ್ದ. ಪಂದ್ಯದಲ್ಲಿ ಮಾತ್ರ ಕಾಲು ಏಳುತ್ತಿರಲಿಲ್ಲ.

ಗಡಿನಾಡು ಸೋಲತೊಡಗಿತು. ಸೋಲುಗಳೆಲ್ಲ ಒಂದೇ ಥರ. ಎದುರಾಳಿಗೆ ಚೆಂಡು ಸಿಗುವುದು, ದಸ್ತಗೀರ್ ಆಫ್‌ಸೈಡ್ ಎಂದು ಕೈ ಎತ್ತುವುದು, ಲೈನ್ಸ್‌ಮನ್ನಿನ ಬಾವುಟ ಏಳದೇ ಇರುವುದು. ಆಮೇಲೆ ಭರಮುವಿನ ಓಟ. ಕೆಲವು ಸಲ ಅವನು ಮುಟ್ಟುತ್ತಿದ್ದ, ಚಪ್ಪಾಳೆ ಬೀಳುತ್ತಿತ್ತು. ಕೆಲವು ಸಲ ಮುಟ್ಟುತ್ತಿರಲಿಲ್ಲ, ಆಗಲೂ ಜನ ಬೈಯುತ್ತಿದ್ದದ್ದು ಕೈ ಎತ್ತಿ ನಿಂತ ದಸ್ತಗೀರನನ್ನೇ. ಕೊನೆಯವರೆಗೆ ಓಡಿದವನನ್ನು ಯಾರು ಬೈದಾರು?

“ಭರಮ್ಯಾ, ನಾ ಕರದಾಗ ಬಾರೋ ತಮ್ಮಾ,” ಎಂದು ದಸ್ತಗೀರ್ ಹೇಳಿ ನೋಡಿದ.

“ಬರತೀನಣ್ಣಾ,” ಎನ್ನುತ್ತಿದ್ದ ಭರಮು. ಹೋಗುತ್ತಿರಲಿಲ್ಲ.

ಸೀಸನ್ ಮುಗಿಯಲು ಮೂರು ಪಂದ್ಯ ಉಳಿದಿರುವಾಗ ಮಿನೇಜಿಸ್ ಸರ್ ಅವನನ್ನು ಕರೆದು ಕೂರಿಸಿಕೊಂಡರು. “ನೀ ಓಡೋದು ಭಾಳ ಛಲೋ ಐತಿ. ಆದ್ರ ಅಷ್ಟ ಯಾಕ ಓಡಬೇಕಾಗತೈತಿ ಅಂತ ಒಂದ ಸಲ ಕೇಳಕೋ. ಈ ಮೂರು ಪಂದ್ಯದಾಗ ಸಾಲಿನ್ಯಾಗ ನಿಲ್ಲಲಿಲ್ಲ ಅಂದ್ರ ಮುಂದಿನ ವರ್ಷದ ಕರಾರು ಇಲ್ಲ.”

ಭರಮುವಿನ ಮೈ ಉರಿದುಹೋಯಿತು. ಎಲ್ಲರ ತಪ್ಪು ತಿದ್ದಿದವನಿಗೇ ಗೇಟ್‌ಪಾಸ್, ತಪ್ಪು ಮಾಡುವ ಮುದುಕನಿಗೆ ಕ್ಯಾಪ್ಟನ್ ಪಟ್ಟ. ಇದ್ಯಾವ ನ್ಯಾಯ? ಸಿಟ್ಟಿನಲ್ಲಿ ಮುಂದಿನ ಪಂದ್ಯದಲ್ಲಿ ಎರಡು ಹೆಜ್ಜೆಯ ಬದಲು ಮೂರು ಹೆಜ್ಜೆ ಹಿಂದೆ ನಿಂತ.

ಆ ಪಂದ್ಯ ಹುಬ್ಬಳ್ಳಿಯ ತಂಡದ ಮೇಲೆ. ಹುಬ್ಬಳ್ಳಿಯವರ ಸೆಂಟರ್ ಫಾರ್ವರ್ಡ್ ಎಡ್ವಿನ್ ಒಬ್ಬನೇ ಮೂರು ಗೋಲು ಹೊಡೆದ. ಗಡಿನಾಡು ಮಣ್ಣುಮುಕ್ಕಿತು. ಆಟ ಮುಗಿದ ಮೇಲೆ ಎಡ್ವಿನ್ ಮೈದಾನ ದಾಟಿ ಭರಮುವನ್ನೇ ಹುಡುಕಿಕೊಂಡು ಬಂದ. ಬಂದವನೇ ತಬ್ಬಿಕೊಂಡ. ತನ್ನ ಜೆರ್ಸಿ ಬಿಚ್ಚಿ ಭರಮುವಿನ ಕೈಗೆ ಇಟ್ಟ.

ಭರಮುವಿನ ಎದೆ ಉಬ್ಬಿತು. ಸೋತರೇನಂತೆ, ಒಳ್ಳೆಯ ಡಿಫೆಂಡರ್‌ನ ಬೆಲೆ ಒಳ್ಳೆಯ ಫಾರ್ವರ್ಡ್‌ಗೆ ಗೊತ್ತಾಗುತ್ತದೆ. ಆದರೂ ಮರ್ಯಾದೆಗೆಂದು ಕೇಳಿದ, “ನನಗ್ಯಾಕೋ? ಗೋಲು ಹೊಡದಾಂವ ನೀ ಅಲ್ಲೇನು?”

“ಹೊಡದಾಂವ ನಾ ಖರೆ, ಹೊಡಿಸಿದಾಂವ ನೀ,” ಅಂದ ಎಡ್ವಿನ್. “ನಮ್ಮ ಕೋಚ್ ನಿನ್ನೆ ನನಗ ಹೇಳಿದ್ದು ಇಷ್ಟ. ಆ ನಾಲ್ಕನೇ ನಂಬರಿನ ಹುಡುಗ ಎಲ್ಲಿ ನಿಂತಾನ ನೋಡು, ಅವನ ಮಗ್ಗಲಕ್ಕ ನಿಂದರು. ಅಂವ ಇರೂತನಕ ನಿನಗ ಆಫ್‌ಸೈಡ್ ಅನ್ನೂದ ಇಲ್ಲ. ಎಲ್ಲಾ ಟೀಮಿನವ್ರಿಗೂ ಗೊತ್ತೈತಿ ಮಾರಾಯಾ, ನಾ ಒಬ್ಬನ ಅಲ್ಲ. ನಿನ್ನ ಉಪಕಾರ ದೊಡ್ಡದು.”

ಅವನು ಚುಚ್ಚಲೆಂದು ಹೇಳಿದ್ದಲ್ಲ. ಮನಸ್ಸು ತುಂಬಿ ಬಂದು ಹೇಳಿದ, ಬೆನ್ನು ತಟ್ಟಿ ಹೋದ. ಭರಮು ಮಾತ್ರ ಆ ಬೆವರಿನ ಜೆರ್ಸಿ ಹಿಡಿದುಕೊಂಡು ನಿಂತಲ್ಲೇ ನಿಂತ. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದ, ಅಷ್ಟು ನಾಚಿಕೆಯಾಯಿತು.

ಕ್ಲಬ್ಬಿನ ಹಾಸ್ಟೆಲ್ಲಿಗೆ ಹೋಗುವ ಬಸ್ಸಿನಲ್ಲಿ ಒಂದೊಂದೇ ಗೋಲನ್ನು ನೆನಪಿಸಿಕೊಂಡ. ಕೈ ಎತ್ತಿದ ದಸ್ತಗೀರ್, ಏಳದ ಬಾವುಟ. ಯಾಕೆ ಏಳಲಿಲ್ಲ? ಹಿಂದೆ ಯಾರಿದ್ದರು? ಪ್ರತಿ ಸಲವೂ ಇದ್ದವನು ಒಬ್ಬನೇ. ತಾನು ಓಡಿಹೋಗಿ ಆರಿಸುತ್ತಿದ್ದ ಬೆಂಕಿಗೆ ಕಡ್ಡಿ ಗೀರುತ್ತಿದ್ದವನೂ ತಾನೇ ಎಂಬುದು ಅವನಿಗೆ ಅವತ್ತು ತಿಳಿಯಿತು.

ಮರುದಿನ ಬೆಳಿಗ್ಗೆ ದಸ್ತಗೀರ್ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತ ಕೂತಿದ್ದ. ಭರಮು ಹೋಗಿ ಎದುರು ನಿಂತ.

“ಅಣ್ಣಾ, ಆ ಗೋಲೆಲ್ಲಾ ನನ್ನ ಸಲುವಾಗಿ ಆದುವು.”

“ಎಲ್ಲಾ ನೀನ ತಗೋಬ್ಯಾಡ. ಒಂದೆರಡ ನಂದೂ ಅದಾವ,” ಎಂದು ದಸ್ತಗೀರ್ ನಕ್ಕ.

“ಗೊತ್ತಿದ್ದರೂ ಮಂದಿ ಮುಂದ ಯಾಕ ಹೇಳಲಿಲ್ಲ? ಬೈಸಿಕೊಂಡಾಂವ ನೀ.”

“ಹೇಳಿದ್ರ ಮಂದಿ ನಿನ್ನ ಬೈತಿದ್ರು. ಅದರಿಂದ ನೀ ಮುಂದ ಬರತಿದ್ದೇನು?” ದಸ್ತಗೀರ್ ಪಟ್ಟಿಯ ತುದಿ ಸಿಕ್ಕಿಸಿ ತಲೆ ಎತ್ತಿದ. “ನೋಡು ತಮ್ಮಾ, ನನ್ನ ಕಾಲು ಮದಲಿನಂಗ ಓಡಂಗಿಲ್ಲ. ನಿನಗ ಗೊತ್ತಾದದ್ದು ನನಗ ಗೊತ್ತಾಗಿರಂಗಿಲ್ಲೇನು? ಅದಕ್ಕ ನಾ ಹಿಂದ ಓಡೂದು ಬಿಟ್ಟು ಮುಂದ ಹೆಜ್ಜಿ ಇಡತೀನಿ. ನಾಲ್ಕೂ ಮಂದಿ ಇಟ್ರ ಯಾರೂ ಓಡೂದ ಬೇಕಾಗಂಗಿಲ್ಲ. ನೀ ಒಬ್ಬ ಹಿಂದ ಉಳದಿ ಅಂದ್ರ ನಾ ಸತ್ತೆ.”

 ಭರಮು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ. “ನೀ ಕರದದ್ದ ತಪ್ಪಾದ್ರ?”

“ತಪ್ಪಾದ್ರ ನಾಲ್ಕೂ ಮಂದಿ ಕೂಡಿ ಬೈಸಿಕೊಳ್ಳೂಣು. ಒಬ್ಬೊಬ್ಬರ ಬೈಸಿಕೊಳ್ಳೂಕಿಂತ ಅದು ಹಗುರ ಇರತೈತಿ.”

ಮುಂದಿನ ಪಂದ್ಯದಲ್ಲಿ ಭರಮು ಕರೆದಾಗಲೆಲ್ಲ ಮುಂದೆ ಬಂದ. ಎಲ್ಲವೂ ಕೂಡಲೇ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಒಂದು ಸಲ ದಸ್ತಗೀರ್ ತಡವಾಗಿ ಕೂಗಿದ, ನಾಲ್ವರೂ ಹೆಜ್ಜೆ ಇಡುವಷ್ಟರಲ್ಲಿ ಚೆಂಡು ಹೊರಟುಬಿಟ್ಟಿತ್ತು, ಗೋಲು ಆಯಿತು. ಭರಮುವಿನೊಳಗಿನ ಹಳೆಯ ಬಾಡಿಗೆದಾರ ಎದ್ದು ಕೂತು, ‘ನಾನು ಹೇಳಿರಲಿಲ್ಲವೇ?’ ಅಂದ. ಆದರೆ ದಸ್ತಗೀರ್ ಎಲ್ಲರೆದುರು ಎದೆ ಮುಟ್ಟಿಕೊಂಡು, “ತಪ್ಪು ನಂದು, ತಡಾ ಮಾಡಿದೆ,” ಅಂದ. ಮುಂದಿನ ಸಲ ಸ್ವಲ್ಪ ಬೇಗ ಕೂಗಿದ, ಬಾವುಟ ಎದ್ದಿತು. ಇಷ್ಟು ದಿನ ಭರಮು ಹಿಂದೆ ನಿಂತಿರುತ್ತಿದ್ದುದರಿಂದ, ಕೂಗಿದ್ದು ಬೇಗವೋ ತಡವೋ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಈಗ ತಪ್ಪು ಕಣ್ಣಿಗೆ ಕಂಡಿತು, ಕಂಡದ್ದರಿಂದ ತಿದ್ದಲು ಬಂತು. ಆ ಪಂದ್ಯ ಸಮವಾಯಿತು.

ಕೊನೆಯ ಪಂದ್ಯ ಬೆಳಗಾವಿಯಲ್ಲೇ, ಕರಾವಳಿಯ ತಂಡವೊಂದರ ಮೇಲೆ. ಗೆದ್ದರೆ ಗಡಿನಾಡು ಲೀಗಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ಕೆಳಗಿನ ಲೀಗಿಗೆ ಇಳಿಯುತ್ತದೆ. ಭರಮುವಿನ ಕರಾರಿನ ಮಾತು ಹೇಗೂ ತೂಗಾಡುತ್ತಲೇ ಇತ್ತು. ಗಡಿನಾಡು ಹೇಗೋ ಒಂದು ಗೋಲು ಹೊಡೆದು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇನ್ನೇನು ಆಟ ಮುಗಿಯಬೇಕು, ಆಗ ಎದುರು ತಂಡದವನೊಬ್ಬ ಮೈದಾನದ ನಡುವೆ ಚೆಂಡು ಹಿಡಿದು ತಲೆ ಎತ್ತಿ ನೋಡಿದ. ಅವರ ಫಾರ್ವರ್ಡ್ ಭರಮುವಿನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದ.

“ಮ್ಯಾಲೆ,” ಎಂದು ದಸ್ತಗೀರ್ ಕೂಗಿದ.

ಭರಮುವಿನ ಮೈಯ ನರನರವೂ ಹಿಂದೆ ಓಡು ಎಂದಿತು. ಈಗಿಂದೀಗ ತಿರುಗಿದರೆ ಇವನನ್ನು ಹಿಡಿಯಬಲ್ಲೆ, ಓಟದಲ್ಲಿ ನನ್ನನ್ನು ಮೀರಿಸುವವರಿಲ್ಲ. ಮುಂದೆ ಹೆಜ್ಜೆ ಇಟ್ಟು, ಅಣ್ಣ ಕೂಗಿದ್ದು ಕೂದಲೆಳೆಯಷ್ಟು ತಡವಾಗಿದ್ದರೆ, ಹಿಂದೆ ಓಡಲು ಯಾರೂ ಇಲ್ಲ. ಕ್ಲಬ್ಬೂ ಹೋಯಿತು, ಕರಾರೂ ಹೋಯಿತು.

ಅವನು ಮುಂದೆ ಹೆಜ್ಜೆ ಇಟ್ಟ.

ಚೆಂಡು ಅವನ ತಲೆಯ ಮೇಲಿಂದ ಹಾರಿಹೋಯಿತು. ಫಾರ್ವರ್ಡ್ ಬಾಣದ ಹಾಗೆ ಅದರ ಹಿಂದೆ ಹೋದ. ಬಲೆ ಅಲುಗಿದ ಸದ್ದು ಕೇಳಿಸಿತು, ಗ್ಯಾಲರಿ ಉಸಿರು ಬಿಡದೆ ಕೂತಿತು. ಭರಮು ಹಿಂತಿರುಗಿ ನೋಡಲಿಲ್ಲ. ತನ್ನ ಎಡಕ್ಕೆ ನೋಡಿದ. ದಸ್ತಗೀರ್, ಅವನಾಚೆ ಇನ್ನಿಬ್ಬರು, ದಾರ ಹಿಡಿದು ನಿಲ್ಲಿಸಿದ ಹಾಗೆ ಒಂದೇ ಸಾಲು. ಆ ಸಾಲು ಮುಗಿಯುವಲ್ಲಿ, ಮೈದಾನದ ಅಂಚಿನಲ್ಲಿ ಲೈನ್ಸ್‌ಮನ್ ಬಾವುಟ ಎತ್ತಿ ನಿಂತಿದ್ದ.

ಗೋಲು ಇಲ್ಲ ಎಂದು ರೆಫರಿ ಸೀಟಿ ಊದಿದ. ಸ್ವಲ್ಪ ಹೊತ್ತಿಗೆ ಆಟ ಮುಗಿದ ಸೀಟಿಯೂ ಊದಿದ. ದಸ್ತಗೀರ್ ಕುಂಟುತ್ತ ಬಂದು ಭರಮುವಿನ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡ. ಇಬ್ಬರ ಕಣ್ಣಲ್ಲೂ ನೀರಿತ್ತು.

ಮಿನೇಜಿಸ್ ಸರ್ ಭರಮುವಿನ ಚಡ್ಡಿ ನೋಡಿದರು. ಒಂದು ಮಣ್ಣಿನ ಕಲೆಯೂ ಇರಲಿಲ್ಲ. “ಇವತ್ತ ಒಂದ ಸಲಾನೂ ನೆಲಕ್ಕ ಬಿದ್ದಿಲ್ಲ ನೀ,” ಅಂದರು. “ನಾಳೆ ಆಫೀಸಿಗೆ ಬಾ. ಇನ್ನೆರಡ ವರ್ಷದ ಕರಾರು ಮಾಡೂಣು.”

ಸಂಜೆ ಊರಿನಿಂದ ಅವ್ವನ ಫೋನು ಬಂತು. ಊರವರೆಲ್ಲ ಒಂದೇ ಮನೆಯಲ್ಲಿ ಸೇರಿ ಟಿವಿಯಲ್ಲಿ ಪಂದ್ಯ ನೋಡಿದ್ದರಂತೆ.

“ಯಾಕೋ ಭರಮು, ಇವತ್ತ ನಿನ್ನ ಹೆಸರ ತಗೀಲೇ ಇಲ್ಲ ಟಿವಿಯಾಂವ. ಆಡಿದ್ಯೋ ಇಲ್ಲೋ?”

“ಆಡಿನವ್ವಾ. ಗೆದ್ದೇವಿ.”

“ಓಡಲಿಲ್ಲ, ಬೀಳಲಿಲ್ಲ. ಮತ್ತೇನ ಮಾಡಿದಿ?”

ಭರಮು ಯೋಚಿಸಿದ. “ಎಲ್ಲಾರ ಜೋಡಿ ನಿಂತಿದ್ದೆ,” ಅಂದ.

“ಅಷ್ಟಕ್ಕ ಪಗಾರ ಕೊಡತಾರೇನು?”

“ಅಷ್ಟಕ್ಕ ಇನ್ನೆರಡ ವರ್ಷ ಕೊಡತಾರಂತವ್ವಾ,” ಎಂದು ಭರಮು ನಕ್ಕ.

ನೀತಿ: ಜೊತೆಯವರನ್ನು ನಂಬದೆ ತಾನೊಬ್ಬನೇ ಬೇರೆ ನಿಂತು ಕಾವಲು ಕಾಯುವವನು ಕೊನೆಗೆ ಕಾಯುವುದು ಎದುರಾಳಿಯನ್ನೇ. ಒಬ್ಬನೇ ಓಡಿ ಹೆಸರು ಮಾಡಲು ಕಾಲಲ್ಲಿ ಬಲವಿದ್ದರೆ ಸಾಕು. ಎಲ್ಲರೊಂದಿಗೆ ಹೆಜ್ಜೆ ಇಡಲು ಧೈರ್ಯ ಬೇಕು.