ಅತ್ತೆಯ ಬೊಟ್ಟು, ಸೊಸೆಯ ವಿಮಾನ

"ಗುರುಗಳೇ, ದೂರದ ಊರಿನವರಿಗೆ ಫೋನಿನಲ್ಲಿ ಪಾಠ ಹೇಳಲು ಒಪ್ಪಿದ್ದೀರಂತೆ. ಗುರು ಎದುರಿಗಿಲ್ಲದೆ ವಿದ್ಯೆ ಬರುತ್ತದೆಯೇ?" ಎಂದು ಶಿಷ್ಯ ಕೇಳಿದ. ಅವನ ಧಾಟಿಯಲ್ಲಿ ಪ್ರಶ್ನೆಗಿಂತ ದೂರು ಹೆಚ್ಚಾಗಿತ್ತು.

"ಕೂತುಕೋ" ಎಂದರು ಗುರುಗಳು.

"ಕೂತೇ ಇದ್ದೇನೆ, ಗುರುಗಳೇ."

"ಹಾಗಾದರೆ ನೆಟ್ಟಗೆ ಕೂತುಕೋ." ಶಿಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡ ಮೇಲೆ ಅವರು ಕತೆ ಹೇಳಿದರು.

ಒಂದು ಮನೆಯಲ್ಲಿ ಅತ್ತೆ, ಸೊಸೆ ಇದ್ದರು. ಸೊಸೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸ್ ಕೊಡುವ ಕೆಲಸದಲ್ಲಿದ್ದಳು. ಅವಳ ಕಣ್ಣು ಮಾತ್ರ ಒಳಗಿನ ಒಂದು ಕೋಣೆಯ ಮೇಲಿತ್ತು. ಯಾವ ವಿಮಾನ ಎಷ್ಟು ಇಂಧನ ತುಂಬಿಕೊಂಡು, ಯಾವ ದಾರಿಯಲ್ಲಿ, ಯಾವಾಗ ಹೊರಡಬೇಕೆಂದು ತೀರ್ಮಾನಿಸುವವರು ಆ ಕೋಣೆಯಲ್ಲಿ ಕೂರುತ್ತಿದ್ದರು. ಅಲ್ಲಿ ಕೂರಲು ವಿಮಾನಯಾನದ ಪದವಿ ಬೇಕಿತ್ತು. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಆದ್ದರಿಂದ ಅವಳು ಆನ್‌ಲೈನ್ ಕಾಲೇಜಿಗೆ ಸೇರಿದಳು. ಕೊನೆಯ ವರ್ಷದಲ್ಲಿದ್ದಾಗ ಆ ಕೋಣೆಯಲ್ಲಿ ಒಂದು ಜಾಗ ಖಾಲಿಯಾಯಿತು. "ಬೇಸಿಗೆಯ ಒಳಗೆ ಪದವಿ ತಂದರೆ ಜಾಗ ನಿನ್ನದು. ತರದಿದ್ದರೆ ಬೇರೆಯವರದು" ಎಂದ ಮೇಲಧಿಕಾರಿ.

ಉಳಿದ ಪಾಠಗಳೆಲ್ಲ ಅವಳಿಗೆ ಸಲೀಸಾಗಿದ್ದವು. ತೊಡಕಾದದ್ದು ಒಂದೇ, ವಿಮಾನ ಹಾರುವ ಮುನ್ನ ಓದುವ ಪಟ್ಟಿ. ಅದರ ಕ್ರಮ ಹೀಗೆ: ಒಬ್ಬರು ಒಂದೊಂದಾಗಿ ಸ್ವಿಚ್ಚುಗಳ ಹೆಸರು ಕೂಗಬೇಕು. ಇನ್ನೊಬ್ಬರು ಆ ಸ್ವಿಚ್ಚನ್ನು ನೋಡಿ, ಮುಟ್ಟಿ, ಆಮೇಲೆ ಉತ್ತರ ಹೇಳಬೇಕು. ಪಟ್ಟಿ ಬಾಯಿಪಾಠವಾಗಿದ್ದರೂ ನೋಡಬೇಕು. ಈಗ ತಾನೇ ನೋಡಿದ್ದರೂ ಮುಟ್ಟಬೇಕು.

ಸೊಸೆ ಕಾಕ್‌ಪಿಟ್‌ನ ದೊಡ್ಡ ಚಿತ್ರವೊಂದನ್ನು ತರಿಸಿ ಅಡುಗೆಮನೆಯ ಪಕ್ಕದ ಗೋಡೆಗೆ ಅಂಟಿಸಿದಳು. ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗಂಡನ ಕೈಗೆ ಕೊಟ್ಟಳು. ಅವನು ಅರ್ಧ ಓದಿ, "ಎಲ್ಲ ಸರಿಯಾಗಿದೆ, ಹಾರಿಸು" ಎಂದು ಎದ್ದು ಹೋದ. ಮರುದಿನವೂ ಹಾಗೆಯೇ ಹಾರಿಸಿದ.

"ಇಲ್ಲಿ ಕೊಡೇ ಅದನ್ನ" ಎಂದಳು ಅತ್ತೆ.

ಅತ್ತೆ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಆದರೆ ಬರೆದದ್ದನ್ನು ಬರೆದ ಹಾಗೆ ಓದುವುದು ಅವಳಿಗೆ ಗೊತ್ತಿತ್ತು. ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪಟ್ಟಿ ಹಿಡಿದು ಕೂಗುತ್ತಿದ್ದಳು. ಸೊಸೆ ಉತ್ತರ ಹೇಳುತ್ತಿದ್ದಳು. ಪ್ರತಿ ಉತ್ತರಕ್ಕೂ ಅತ್ತೆಯದು ಒಂದೇ ಮಾತು: "ಮುಟ್ಟಿದೆಯೇನೇ?"

"ಅತ್ತೆ, ಅದು ಕಾಗದದ ಚಿತ್ರ. ನಿನ್ನೆ ಆನ್ ಇದ್ದದ್ದು ಇವತ್ತೂ ಆನ್ ಇರುತ್ತದೆ."

ಅತ್ತೆಗೆ ಆ ಮಾತು ಹಿಡಿಸಲಿಲ್ಲ. ಸೊಸೆ ಕೆಲಸಕ್ಕೆ ಹೋದ ಮೇಲೆ ತನ್ನ ಹಣೆಗೆ ಇಡುವ ಸ್ಟಿಕರ್ ಬೊಟ್ಟಿನ ಪಾಕೀಟು ತಂದು, ಚಿತ್ರದ ಕೆಲವು ಸ್ವಿಚ್ಚುಗಳ ಮೇಲೆ ಬೊಟ್ಟು ಅಂಟಿಸಿದಳು. ಸಂಜೆ ಸೊಸೆಗೆ ನಿಯಮ ತಿಳಿಸಿದಳು. ಬೊಟ್ಟು ಇದ್ದರೆ ಆನ್, ಇಲ್ಲದಿದ್ದರೆ ಆಫ್. ದಿನವೂ ಅವಳೇ ಬೊಟ್ಟುಗಳನ್ನು ಕಿತ್ತು ಬೇರೆ ಕಡೆ ಅಂಟಿಸುತ್ತಿದ್ದಳು.

"ಇಂಧನದ ಪಂಪು?"

"ಆನ್."

"ಎಲ್ಲಿದೆಯೇ ಬೊಟ್ಟು? ನಿನ್ನ ವಿಮಾನ ಬಿತ್ತು. ಬಾ, ಬಂದು ಸೊಪ್ಪು ಬಿಡಿಸು."

ಮೊದಮೊದಲು ಆ ಮನೆಯಲ್ಲಿ ದಿನವೂ ವಿಮಾನ ಬೀಳುತ್ತಿತ್ತು, ದಿನವೂ ಸೊಪ್ಪಿನ ಸಾರು ಆಗುತ್ತಿತ್ತು. ಗಂಡ ಗೊಣಗಿದ. "ಅವಳು ನೋಡಿ ಹಾರಿಸುವ ತನಕ ನಿನಗೆ ಇದೇ ಸಾರು" ಎಂದಳು ತಾಯಿ. ಎತ್ತರ ತೋರಿಸುವ ಮೀಟರಿನ ಸರದಿ ಬಂದಾಗ ಒಮ್ಮೆ ಸೊಸೆಗೆ ಹೇಳಿದಳು: "ಆಟೋದವರ ಹಾಗೆ ಮೀಟರ್ ಕೆಟ್ಟಿದೆ ಅನ್ನಬೇಡ. ನೋಡಿ ಹೇಳು."

ಬರಬರುತ್ತ ವಿಮಾನ ಬೀಳುವುದು ಕಡಿಮೆಯಾಯಿತು.

ಪರೀಕ್ಷೆಯ ದಿನ ಬಂತು. ಪರೀಕ್ಷಕ ಕಂಪ್ಯೂಟರಿನ ಪರದೆಯಲ್ಲಿ ಕಾಣಿಸಿಕೊಂಡ. ಅವನು ಪಟ್ಟಿ ಕೂಗಬೇಕು. ಪರದೆಯ ಮೇಲಿನ ಕಾಕ್‌ಪಿಟ್ ನೋಡಿ ಇವಳು ಉತ್ತರ ಹೇಳಬೇಕು. ಬೇರೆ ಯಾರ ನೆರವೂ ಇರಬಾರದು. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು, ಅವರೆಕಾಯಿ ಸುಲಿಯುತ್ತ ಕೂತಳು.

ಸೊಸೆಗೆ ಗಾಬರಿ. ಗಾಬರಿಯಲ್ಲಿ ನಾಲಿಗೆ ಕಣ್ಣಿಗಿಂತ ಮುಂದೆ ಓಡಿತು.

"ಇಂಧನದ ಪಂಪು?" ಎಂದ ಪರೀಕ್ಷಕ.

"ಆನ್" ಎಂದಳು.

ಉತ್ತರ ಪ್ರಶ್ನೆಯ ಬೆನ್ನಿಗೇ ಬಂದಿತ್ತು. ನೋಡಿ ಮುಟ್ಟುವವಳಿಗೆ ಅಷ್ಟು ಬೇಗ ಉತ್ತರ ಬರುವುದಿಲ್ಲ. ಅದು ಬಾಗಿಲ ಆಚೆ ಇದ್ದ ಅತ್ತೆಗೂ ಗೊತ್ತಾಯಿತು. ಕೊಟ್ಟ ಮಾತು ಮರೆತುಹೋಯಿತು.

"ಮುಟ್ಟಿದೆಯೇನೇ?"

ಅದೇ ಹೊತ್ತಿಗೆ ಕುಕ್ಕರ್ ಕೂಗಿತು. ಪರೀಕ್ಷಕನಿಗೆ ಕುಕ್ಕರ್ ಮಾತ್ರ ಕೇಳಿಸಿತು. ಸೊಸೆ ಪರದೆ ನೋಡಿದಳು. ಪಂಪು ಆಫ್ ಆಗಿತ್ತು. ಉತ್ತರ ತಿದ್ದಿದಳು.

"ಶಹಬ್ಬಾಸ್! ನಿಮ್ಮ ತಪ್ಪನ್ನು ನೀವೇ ಕಂಡುಕೊಂಡಿರಿ. ಎಷ್ಟೋ ಜನ ಎಡವುವುದು ಇಲ್ಲೇ" ಎಂದ ಪರೀಕ್ಷಕ.

ಸೊಸೆ ಸುಮ್ಮನಿದ್ದಿದ್ದರೆ ಪದವಿ ಕೈಗೆ ಬಂದಂತೆಯೇ. ಅವಳು ಸುಮ್ಮನಿರಲಿಲ್ಲ.

"ನಾನು ಕಂಡುಕೊಳ್ಳಲಿಲ್ಲ ಸಾರ್. ಒಳಗಿನಿಂದ ನಮ್ಮ ಅತ್ತೆ ಕೇಳಿದರು."

ಪರೀಕ್ಷಕ ಒಳ್ಳೆಯವನು, ಆದರೆ ನಿಯಮ ನಿಯಮವೇ. ಪರೀಕ್ಷೆ ರದ್ದಾಯಿತು. ಬೇಸಿಗೆಯ ಒಳಗೆ ಇನ್ನು ಒಂದೇ ಅವಕಾಶ ಉಳಿಯಿತು.

ಅತ್ತೆ ಬಾಗಿಲು ತೆರೆದು ಬಂದಳು. "ಬಾಯಿ ಮುಚ್ಚಿಕೊಂಡಿದ್ದರೆ ಪಾಸಾಗುತ್ತಿದ್ದೆಯಲ್ಲೇ!"

"ನಾನು ಮುಚ್ಚಿಕೊಂಡಿದ್ದರೆ ಪಾಸು. ನೀವು ಮುಚ್ಚಿಕೊಂಡಿದ್ದರೆ ಫೇಲು. ಈ ಮನೆಯಲ್ಲಿ ಯಾರ ಬಾಯಿ ಮುಚ್ಚಿದೆ ಅತ್ತೆ?"

ಅತ್ತೆಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಇಬ್ಬರೂ ನಕ್ಕು, ಉಳಿದ ಅವರೆಕಾಯಿ ಸುಲಿದರು.

ಎರಡನೆಯ ಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ, ಚೀಲ ಹಿಡಿದು ಹೊರಟಳು. "ಮನೆಯಲ್ಲಿದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ತಂಗಿಯ ಊರಿಗೆ ಹೋಗಿ ಬರುತ್ತೇನೆ. ಫೋನ್ ಮಾಡಬೇಡ, ಎತ್ತುವುದಿಲ್ಲ." ಗಂಡ ಕೆಲಸಕ್ಕೆ ಹೋಗಿದ್ದ. ಮನೆ ನಿಶ್ಶಬ್ದವಾಯಿತು.

ಪರೀಕ್ಷಕ ಪಟ್ಟಿ ಕೂಗಿದ. ಉತ್ತರ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಸೊಸೆಯ ಬೆರಳು ಪರದೆಗೆ ಹೋಯಿತು, ಕಣ್ಣು ಬೆರಳ ಹಿಂದೆ ಹೋಯಿತು. ಆಮೇಲೆ ಉತ್ತರ ಹೊರಗೆ ಬಂತು. ಪ್ರತಿ ಸ್ವಿಚ್ಚಿಗೂ ಹಾಗೆಯೇ ಆಯಿತು.

ಪರೀಕ್ಷಕನಿಗೆ ಸಂಶಯ ಬಂತು. "ಪ್ರತಿ ಸಲವೂ ತಡೆದು ಹೇಳುತ್ತೀರಿ. ಯಾರಿಗಾಗಿ ಕಾಯುತ್ತಿದ್ದೀರಿ?"

"ಯಾರಿಗೂ ಅಲ್ಲ ಸಾರ್. ಅತ್ತೆ ಕೇಳಿದರು, ಮುಟ್ಟಿ ನೋಡಿದೆ."

"ಮತ್ತೆ ಅತ್ತೆಯೇ! ಎಲ್ಲಿದ್ದಾರೆ ಅವರು?"

"ಬಸ್ಸಿನಲ್ಲಿದ್ದಾರೆ ಸಾರ್. ಚಿಕ್ಕತ್ತೆಯ ಊರಿಗೆ ಹೋಗುತ್ತಿದ್ದಾರೆ."

ಪರೀಕ್ಷಕ ಒಪ್ಪಲಿಲ್ಲ. ಲ್ಯಾಪ್‌ಟಾಪ್ ಎತ್ತಿಸಿ ಮನೆಯೆಲ್ಲ ತೋರಿಸಲು ಹೇಳಿದ. ಅವಳು ನಡುಮನೆ, ಕೋಣೆ, ಬಚ್ಚಲು ತೋರಿಸಿದಳು. ಅಡುಗೆಮನೆಯಲ್ಲಿ ಕವುಚಿಟ್ಟ ಪಾತ್ರೆಗಳಿದ್ದವು. ಮಂಚದ ಕೆಳಗೂ ನೋಡಬೇಕೆಂದ, ಅದನ್ನೂ ತೋರಿಸಿದಳು. ಎಲ್ಲೂ ಯಾರೂ ಇರಲಿಲ್ಲ. ಕೊನೆಗೆ ಗೋಡೆಯ ಮೇಲಿನ ಕಾಕ್‌ಪಿಟ್ ಕಂಡಿತು. ಅದರ ತುಂಬ ಕೆಂಪು ಬೊಟ್ಟುಗಳು, ಬೊಟ್ಟು ಕಿತ್ತ ಗುರುತುಗಳು.

ಪರೀಕ್ಷಕ ಅದನ್ನು ನೋಡಿ, ಲ್ಯಾಪ್‌ಟಾಪನ್ನು ಮತ್ತೆ ಮೇಜಿನ ಮೇಲೆ ಇಡಲು ಹೇಳಿದ. ಆಮೇಲೆ ಪಟ್ಟಿಯ ಉಳಿದ ಭಾಗ ಕೂಗಿದ. ಅವಳು ತಡೆದು ತಡೆದೇ ಉತ್ತರ ಹೇಳಿದಳು. ಒಂದೂ ತಪ್ಪಲಿಲ್ಲ.

ಬೇಸಿಗೆಗೆ ಮುಂಚೆ ಸೊಸೆ ಆ ಕೋಣೆಯಲ್ಲಿ ಕೂತಳು. ಆವತ್ತು ಮನೆಯಲ್ಲಿ ಹೋಳಿಗೆ ಮಾಡಿದರು. ಗಂಡ ಸೊಪ್ಪಿನ ಸಾರಿನಿಂದ ಪಾರಾದ.

ಗುರುಗಳು ಕತೆ ನಿಲ್ಲಿಸಿ, ಮೇಲೇಳಲು ಕೋಲು ತೆಗೆದುಕೊಂಡರು.

ಶಿಷ್ಯ ನಗುತ್ತಿದ್ದ. "ಚೆನ್ನಾಗಿದೆ ಗುರುಗಳೇ. ದೂರದವರ ಪಾಡು ದೂರದವರಿಗೆ. ನಾನಂತೂ ದಿನವೂ ನಿಮ್ಮ ಎದುರಿಗೇ ಕೂರುತ್ತೇನೆ. ನನಗೆ ಆ ಚಿಂತೆ ಇಲ್ಲ" ಎಂದ.

ಗುರುಗಳು ಬಾಗಿಲ ಬಳಿ ತಿರುಗಿ ನಿಂತು ಕೇಳಿದರು: "ನಾನು ಎದ್ದು ಹೋದ ಮೇಲೆ ನಿನಗೆ ಏನು ಕೇಳಿಸುತ್ತದೆ?"