ಪೂರ್ತಿ ಕುಡಿದವಳು

"ಗುರುಗಳೇ, ಔಷಧಿ ಕುಡಿದೂ ರೋಗಿ ಗುಣವಾಗದಿದ್ದರೆ ಪ್ರಮಾಣ ಹೆಚ್ಚಿಸಬೇಕಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ದನಿಯಲ್ಲಿ ಸಿಟ್ಟಿತ್ತು. ಆ ಬೆಳಿಗ್ಗೆ ಒಬ್ಬ ಮುದುಕಿಗೆ ಎರಡರಷ್ಟು ಕಷಾಯ ಕೊಡಲು ಹೊರಟಿದ್ದ. ಗುರುಗಳು ತಡೆದಿದ್ದರು.

ಗುರುಗಳು ಬೇರು ಅರೆಯುವುದನ್ನು ನಿಲ್ಲಿಸಲಿಲ್ಲ. ಅರೆಯುತ್ತಲೇ ಹೇಳಿದರು:

ಒಬ್ಬ ವೈದ್ಯನಿದ್ದ. ಕಾಲು ಬಾತು ಏದುಸಿರು ಬರುವ ಕಾಯಿಲೆಗೆ ಒಂದು ಬೇರನ್ನು ಕಂಡುಹಿಡಿದಿದ್ದ. ಬೇರು ಒಳ್ಳೆಯದೇ. ವೈದ್ಯನೂ ಶ್ರದ್ಧೆಯುಳ್ಳವನೇ. ಬಾಯಿ ಮಾತ್ರ ಕೆಟ್ಟದ್ದು. ಕಷಾಯ ಕುಡಿಯಲಾಗಲಿಲ್ಲ ಎಂದು ಯಾರಾದರೂ ಹೇಳಿದರೆ, "ಮತ್ತೆ ಇಲ್ಲಿಗೇಕೆ ಬಂದೆ? ಮನೆಯಲ್ಲೇ ಸಾಯಿ ಹೋಗು" ಎಂದು ಬೀದಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದ.

ಕಷಾಯ ವಿಪರೀತ ಕಹಿ. ಜನ ಒಂದು ಗುಟುಕು ಕುಡಿದು ಉಳಿದದ್ದನ್ನು ಬಚ್ಚಲಿಗೆ ಸುರಿಯುತ್ತಿದ್ದರು. ಕೇಳಿದರೆ, "ಪೂರ್ತಿ ಕುಡಿದೆ ಸ್ವಾಮಿ" ಎನ್ನುತ್ತಿದ್ದರು. ಬಾವು ಇಳಿಯಲಿಲ್ಲ. ಬೇರಿನ ಶಕ್ತಿ ಸಾಲದೆಂದು ವೈದ್ಯ ಕಷಾಯವನ್ನು ಗಟ್ಟಿ ಮಾಡಿದ. ಆಗಲೂ ಇಳಿಯಲಿಲ್ಲ. ಇನ್ನೂ ಗಟ್ಟಿ ಮಾಡಿದ. ಕೊನೆಗೆ ಒಂದು ಗುಟುಕೇ ಸಾಕಾಗುವಷ್ಟು ಗಟ್ಟಿಯಾಯಿತು. ಜನ ಎದ್ದು ಓಡಾಡಿದರು. ದಿನಕ್ಕೆ ಪೂರ್ತಿ ಒಂದು ಲೋಟ, ಇದೇ ಸರಿಯಾದ ಪ್ರಮಾಣ ಎಂದು ವೈದ್ಯ ನಿಶ್ಚಯಿಸಿದ.

ಆಗ ಒಬ್ಬ ನೇಕಾರನ ಹೆಂಡತಿಗೆ ಕಾಲು ಬಾತಿತು. ಅವಳು ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಲೋಟ ಬರಿದಾಗುವವರೆಗೂ ಕುಡಿದಳು. ಮರುದಿನ ವಾಂತಿಯಾಯಿತು. ಮಗ್ಗದ ಮೇಲಿನ ಬಿಳಿ ನೂಲು ಅವಳ ಕಣ್ಣಿಗೆ ಹಳದಿಯಾಗಿ ಕಂಡಿತು.

"ನಡಿ, ವೈದ್ಯರನ್ನು ಕೇಳೋಣ" ಎಂದ ಗಂಡ.

"ಬೇಡಪ್ಪ, ಕುಡಿಯೋಕೆ ಕಳ್ಳಾಟ ಅಂತ ಎಲ್ಲರೆದುರು ಬಯ್ತಾರೆ" ಎಂದು ಅವಳು ಆ ದಿನದ ಲೋಟವನ್ನೂ ಮುಗಿಸಿದಳು. ಬೆಳಗಾಗುವುದರೊಳಗೆ ನಾಡಿ ನಿಂತಿತ್ತು.

ನೇಕಾರ ವೈದ್ಯನ ಜಗುಲಿ ಹತ್ತಿದ. "ಏನು ಕೊಟ್ಟೆ ನನ್ನ ಹೆಂಡತಿಗೆ?"

"ಎಲ್ಲರಿಗೂ ಕೊಟ್ಟದ್ದನ್ನೇ. ಅವಳು ಸರಿಯಾಗಿ ಕುಡಿದಿರಲಿಕ್ಕಿಲ್ಲ. ಇಗೋ ಈ ಕುಂಬಾರ, ದಿನಾ ಪೂರ್ತಿ ಲೋಟ ಕುಡಿದವನು, ಗುಂಡುಕಲ್ಲಿನ ಹಾಗಿದ್ದಾನೆ. ಬೇಕಾದರೆ ಕೇಳು."

ಕುಂಬಾರ ತಲೆ ತಗ್ಗಿಸಿದ. "ಒಂದೇ ಗುಟುಕು ಸ್ವಾಮಿ. ಉಳಿದದ್ದು ಬಚ್ಚಲಿಗೆ. ನಿಮ್ಮ ಬಾಯಿಗೆ ಹೆದರಿ ಸುಳ್ಳು ಹೇಳಿದೆ."

ಜಗುಲಿಯಲ್ಲಿದ್ದ ಉಳಿದ ರೋಗಿಗಳೂ ಮುಖ ತಿರುಗಿಸಿಕೊಂಡರು. ವೈದ್ಯ ಕುಂಬಾರನ ಮೇಲೆ ಕೈ ಎತ್ತಿದ. "ಸುಳ್ಳ! ಅವಳನ್ನು ಕೊಂದವನು ನೀನು!"

ನೇಕಾರ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. "ಈ ಊರಲ್ಲಿ ನಿನ್ನ ಮಾತಿನಂತೆ ನಡೆದವಳು ಅವಳೊಬ್ಬಳೇ. ಸತ್ತವಳೂ ಅವಳೊಬ್ಬಳೇ."

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ತಪ್ಪು ಸುಳ್ಳು ಹೇಳಿದವರದ್ದೇ" ಎಂದ ಶಿಷ್ಯ.

ಗುರುಗಳು ಅರೆಯುವ ಗುಂಡನ್ನು ಸದ್ದಾಗುವಂತೆ ಕೆಳಗಿಟ್ಟರು.

"ಮೊನ್ನೆ ಕಷಾಯ ಕಹಿ ಎಂದದ್ದಕ್ಕೆ ಆ ಮುದುಕಿಯನ್ನು ಬೈದು ಅಳಿಸಿದವನು ನೀನು; ಇವತ್ತು ಅವಳು 'ಪೂರ್ತಿ ಕುಡಿದೆ' ಎಂದರೆ ನಂಬಿ ಎರಡರಷ್ಟು ಕೊಡಲು ಹೊರಟವನೂ ನೀನೇ."