ಮುಂದೆ ಹೋದ ಹಾಯಿ

ಅಳಿವೆಯ ದಡದ ಆಶ್ರಮದಲ್ಲಿ ಎರಡು ಹಾಯಿದೋಣಿಗಳಿದ್ದವು. ಒಂದು ಹಳೆಯದು, ಒಂದು ಹೊಸದು.

ಹಳೆಯದನ್ನು ಕಟ್ಟಿಸಿದವರು ಗುರು ಹೊನ್ನಯ್ಯನವರ ಗುರುಗಳಾದ ದೊಡ್ಡಯ್ಯನವರು. ಸಾಗುವಾನಿಯ ಮೈ, ತಲೆಯಿಂದ ಬಾಲದವರೆಗೂ ಭಾರವಾದ ಅಡಿಮರ. ಹೊಸದನ್ನು ಭಕ್ತರೊಬ್ಬರು ಕೊಟ್ಟಿದ್ದರು. ಫೈಬರಿನದು, ಬೆಳ್ಳಗೆ, ಹಗುರ. ದೂರದ ಪಯಣಕ್ಕೆಂದೇ ಮಾಡಿದ್ದಂತೆ. ಒಳಗೆ ಇಬ್ಬರು ಮಲಗುವಷ್ಟು ಗೂಡು, ಅದಕ್ಕೊಂದು ಪುಟ್ಟ ಬಾಗಿಲು.

ಶಿಷ್ಯ ಜಟ್ಟಿಗೆ ಹೊಸದನ್ನು ಕಂಡರೆ ಆಗುತ್ತಿರಲಿಲ್ಲ.

ಸಮುದ್ರದ ನಡುಗಡ್ಡೆಯಲ್ಲಿ ಒಂದು ದೇವಿಯ ಗುಡಿ. ಹುಣ್ಣಿಮೆಗೆ ಜನರನ್ನು ಅಲ್ಲಿಗೆ ಕರೆದೊಯ್ದು ವಾಪಸು ತರುವುದು ಆಶ್ರಮದ ಸೇವೆ. ಹೊನ್ನಯ್ಯನವರ ಕಣ್ಣು ಮಂಜಾಗುತ್ತಿತ್ತು. ಬರುವ ಹುಣ್ಣಿಮೆಯಿಂದ ಆ ಕೆಲಸ ಜಟ್ಟಿಯೊಬ್ಬನದೇ ಆಗಬೇಕು, ಹೆಂಗಸರು ಮಕ್ಕಳ ಜೀವ ಅವನ ಕೈಯಲ್ಲಿ. ಅವನ ಕೈಗೆ ಕೊಡಬಹುದೋ ಬಾರದೋ ಎಂದು ಗುರುಗಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆ ಒಂದು ಮಾತಿಗಾಗಿ ಜಟ್ಟಿ ಜೀವ ಹಿಡಿದುಕೊಂಡು ಕಾಯುತ್ತಿದ್ದ.

ಒಂದು ಸಂಜೆ ಗುರುಗಳು ಕೇಳಿದರು. "ಜನರನ್ನು ಯಾವ ದೋಣಿಯಲ್ಲಿ ಕರಕೊಂಡು ಹೋಗ್ತೀ?"

"ಹಳೇದರಲ್ಲಿ."

"ಎಂತಕ್ಕೆ?"

ಕಾರಣಗಳು ಜಟ್ಟಿಯ ನಾಲಿಗೆಯ ತುದಿಯಲ್ಲೇ ಇದ್ದವು. ಹೊಸದು ಜೋರಾಗಿ ಓಡುತ್ತದೆ, ಸುಳ್ಳಲ್ಲ. ಬೆರಳು ತಾಗಿಸಿದರೆ ತಿರುಗುತ್ತದೆ, ನೀರು ಜಿನುಗುವುದಿಲ್ಲ. ಆದರೆ ಪಂಚೆ ಸರಿಮಾಡಿಕೊಳ್ಳಲು ಒಂದು ಗಳಿಗೆ ಚುಕ್ಕಾಣಿ ಬಿಟ್ಟರೆ ಸಾಕು, ಗಾಳಿಯ ಕಡೆ ಮುಖ ತಿರುಗಿಸಿ ಪಟಪಟ ಹಾಯಿ ಬಡಿಯುತ್ತ ನಿಂತುಬಿಡುತ್ತದೆ. ಹಳೆಯದು ಹಾಗಲ್ಲ. ಹಾಯಿ ಏರಿಸಿ, ಚುಕ್ಕಾಣಿಯನ್ನು ಕಟ್ಟಿಹಾಕಿ, ಊಟ ಮಾಡಿ ಒರಗಿಕೊಳ್ಳಬಹುದು. ಯಾರೋ ಹಿಡಿದು ಕೂತ ಹಾಗೆ ನೆಟ್ಟಗೆ ಹೋಗುತ್ತಿರುತ್ತದೆ.

"ಹೊಸದಕ್ಕೆ ಭಕ್ತಿಯಿಲ್ಲ ಗುರುಗಳೇ," ಎಂದ ಜಟ್ಟಿ.

ಗುರುಗಳು ನಕ್ಕರು. ಈ ಮಳೆಗಾಲದಲ್ಲಿ ಅಳಿವೆಯ ಮರಳು ಜಾಗ ಬದಲಿಸಿದೆ, ಎಲ್ಲಿ ಹೋಗಿ ಕೂತಿದೆಯೋ ಯಾರಿಗೂ ತಿಳಿಯದು ಎಂದರು. ಅದಕ್ಕೂ ಜಟ್ಟಿ ಸೋಲಲಿಲ್ಲ. ದೊಡ್ಡಯ್ಯನವರ ಕಾಲದಿಂದ ಹೋಗಿಬಂದ ದೋಣಿ, ಅದಕ್ಕೆ ದಾರಿ ಗೊತ್ತು ಎಂದ.

"ಹಾಗಾದರೆ ನಾಳೆ ಬೆಳಿಗ್ಗೆ ಹಳೇದು ಮುಂದೆ ಹೋಗಲಿ," ಎಂದರು ಗುರುಗಳು. "ನೀನು ಹೊಸದರಲ್ಲಿ ಹಿಂದೆ ಬಾ."

ಬೆಳಿಗ್ಗೆ ಮಂಜು ಕವಿದಿತ್ತು. ಆಚೆ ದಡವಿಲ್ಲ, ಆಕಾಶವಿಲ್ಲ. ದಡದ ಗಾಳಿ ಮೆಲ್ಲಗೆ ಸಮುದ್ರದ ಕಡೆಗೆ ಬೀಸುತ್ತಿತ್ತು.

ಜಟ್ಟಿ ಮುಂಭಾಗದಲ್ಲಿ ಬಗ್ಗಿ ಲಂಗರು ಎತ್ತುತ್ತಿದ್ದ. ದೋಣಿ ಒಮ್ಮೆ ತೂಗಿತು. ಅಲೆ ಇರಬೇಕು ಅಂದುಕೊಂಡ. ತಲೆಯೆತ್ತಿ ನೋಡಿದರೆ ಹಳೆಯ ದೋಣಿಯ ಕಂದು ಹಾಯಿ ಆಗಲೇ ಮಂಜಿನೊಳಗೆ ಹೋಗುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ಚುರುಕು ಎಂದು ಹೆಮ್ಮೆಪಟ್ಟು ಅವಸರದಿಂದ ಹಿಂದೆ ಹೊರಟ.

ಮುಂದಿನ ಹಾಯಿ ಅತ್ತಿತ್ತ ಅಲುಗಲಿಲ್ಲ. ಇವನ ಚುಕ್ಕಾಣಿ ಮಾತ್ರ ಅಂಗೈಯೊಳಗೆ ಒಂದೇ ಸಮನೆ ಮಿಡುಕುತ್ತಿತ್ತು. ಹಾಳಾದ್ದು ಎಂದು ಬೈದುಕೊಂಡು ಗಟ್ಟಿಯಾಗಿ ಹಿಡಿದ.

ಸ್ವಲ್ಪ ದೂರ ಹೋದ ಮೇಲೆ ಕೂಗಿ ಕೇಳಿದ. "ಗುರುಗಳೇ, ಇದ್ದೀರಲ್ಲ?"

"ಬಾ," ಎಂದಿತು ಮಂಜು.

ಅಷ್ಟೇ ಸಾಕಿತ್ತು. ಅವನಿಗೆ ಧೈರ್ಯ ಬಂತು.

ಆಮೇಲೆ ಅಲೆ ಒಡೆಯುವ ಸದ್ದು ಕೇಳಿಸಿತು. ಆ ದಿಕ್ಕಿನಲ್ಲಿ ಹಿಂದೆಂದೂ ಕೇಳಿರದ ಸದ್ದು. ಕೈಯೊಳಗಿನ ಚುಕ್ಕಾಣಿ ಬಲಕ್ಕೆ ಎಳೆಯುತ್ತಿತ್ತು, ಅಡಿಯಲ್ಲಿ ನೀರಿನ ಬಣ್ಣವೂ ಬದಲಾಗಿತ್ತು. ಜಟ್ಟಿ ಮತ್ತೆ ಕೂಗಿದ.

"ಬಾ."

ಗುರುಗಳಿಗೆ ಗೊತ್ತಿಲ್ಲದ್ದು ತನಗೇನು ಗೊತ್ತು ಎಂದುಕೊಂಡ. ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಭಯವೂ ಏರುತ್ತಿತ್ತು. ಬಿಳಿ ನೊರೆ ಈಗ ಕಣ್ಣಿಗೇ ಕಾಣುತ್ತಿತ್ತು. ಕಂದು ಹಾಯಿ ಅದರ ಕಡೆಗೇ ನೆಟ್ಟಗೆ ಹೋಗುತ್ತಿತ್ತು.

ತಡೆಯಲಾಗದೆ ಹಾಯಿ ಬಿಗಿದು ಹಳೆಯ ದೋಣಿಯ ಪಕ್ಕಕ್ಕೆ ಬಂದ.

ಅದರಲ್ಲಿ ಯಾರೂ ಇರಲಿಲ್ಲ.

ಚುಕ್ಕಾಣಿಗೆ ಗುರುಗಳ ಕಾವಿ ಶಾಲು ಬಿಗಿದಿತ್ತು. ಕೂರುವ ಹಲಗೆಯ ತುಂಬ ಇಬ್ಬನಿ, ಒಂದು ಹನಿಯೂ ಕದಡಿರಲಿಲ್ಲ. ಬೆಳಗಿನಿಂದ ಅಲ್ಲಿ ಯಾರೂ ಕೂತೇ ಇರಲಿಲ್ಲ.

ಅದರ ಅರ್ಥ ಜಟ್ಟಿಗೆ ಹೊಳೆಯಲಿಲ್ಲ. ಗುರುಗಳು ಸಮುದ್ರದ ಪಾಲಾದರು ಅಂದುಕೊಂಡ. ಎಲ್ಲಿದ್ದೇನೆ ಎಂಬುದೇ ಮರೆತು ಚುಕ್ಕಾಣಿ ಬಿಟ್ಟುಬಿಟ್ಟ; ಹೊಸ ದೋಣಿ ಗಾಳಿಯ ಕಡೆ ಮುಖ ತಿರುಗಿಸಿ ಹಾಯಿ ಬಡಿಯುತ್ತ ನಿಂತಿತು.

ಆಗ ಅವನ ಮೊಣಕಾಲಿನ ಮುಂದೆ ಗೂಡಿನ ಪುಟ್ಟ ಬಾಗಿಲು ತೆರೆಯಿತು. ಹೊನ್ನಯ್ಯನವರು ಬಗ್ಗಿಕೊಂಡು ಹೊರಗೆ ಬಂದು ಅವನ ಎದುರು ಕೂತರು. "ಹಳೇದನ್ನು ದಡದಿಂದಲೇ ತಳ್ಳಿಬಿಟ್ಟು, ನೀನು ಲಂಗರು ಎತ್ತುವಾಗ ಇದಕ್ಕೆ ಹತ್ತಿಕೊಂಡೆ," ಎಂದರು.

ಪಕ್ಕದಲ್ಲಿ ಹಳೆಯ ದೋಣಿ ಇವರನ್ನು ದಾಟಿ ಮುಂದೆ ಹೋಯಿತು. ನೊರೆಯೊಳಗೆ ನುಗ್ಗಿ ಮರಳಿಗೆ ಬಡಿಯಿತು. ಹಾಯಿ ಕಟ್ಟಿದ ಕೂವೆಮರ ಮುರಿದ ಸದ್ದು ಕೇಳಿಸಿತು. ಗುರುಗಳು ತಿರುಗಿ ನೋಡಲಿಲ್ಲ. ಕೈ ಮಾತ್ರ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ನೀವು ಅದರಲ್ಲೇ ಇದ್ರಿ," ಎಂದ ಜಟ್ಟಿ, ಅಳು ಒತ್ತರಿಸಿ ಬಂದು. "ಎರಡು ಸಲವೂ ಅಲ್ಲಿಂದಲೇ ಬಾ ಅಂದ್ರಿ."

"ನಾನು ಒಂದು ಸಲವೂ ಬಾಯಿ ತೆರೆಯಲಿಲ್ಲ."

ಅಷ್ಟರಲ್ಲಿ ಮುರಿದ ದೋಣಿಯ ಕಡೆಯಿಂದ, ಮಂಜಿನೊಳಗಿಂದ, ಮತ್ತೆ ಬಂತು. "ಬಾ."

ಎದುರಿಗೆ ಕೂತ ಗುರುಗಳ ತುಟಿ ಮುಚ್ಚಿಯೇ ಇತ್ತು.

"ನಿಮಗೂ ಕೇಳಿಸ್ತಾ?" ಎಂದ ಮೆಲ್ಲಗೆ.

"ಮೊದಲಿಂದಲೂ ಕೇಳಿಸ್ತದೆ. ನನಗೆ ನಮ್ಮ ದೊಡ್ಡಯ್ಯನವರ ದನಿ. ನಿನಗೆ?"

"ನಿಮ್ಮದೇ."

ಗುರುಗಳು ಅವನ ಮುಖವನ್ನು ನೋಡಿದರು.

"ನಾನು ಸತ್ತ ಮೇಲೂ ಹಾಗೇ ಕೇಳಿಸ್ತದೆ. ನೀನು ಮರಳು ನೋಡಿ ಚುಕ್ಕಾಣಿ ತಿರುಗಿಸು."